ಭಾಕರಿಯ ಹಿಂದೆ ಹೋಗುವ ಕ್ರಿಯಾಪದ



ಸಂಸಾರದಲ್ಲಿ ವ್ಯಾಕರಣಕ್ಕೇನು ಕೆಲಸವೆಂದು ಕೇಳುವವರುಂಟು. ವ್ಯಾಕರಣವೆಂದರೆ ಶಾಲೆಯ ಹುಡುಗರನ್ನು ಬೆದರಿಸುವುದಕ್ಕೆ ಪಂಡಿತರು ಕಟ್ಟಿದ ಬೇಲಿಯೆಂದು ನಾವೂ ಒಂದು ಕಾಲಕ್ಕೆ ಭಾವಿಸಿದ್ದೆವು. ಆದರೆ ಕಳೆದ ತಿಂಗಳು ಖಾನಾಪುರದ ಒಂದು ಮನೆಯಲ್ಲಿ ಕ್ರಿಯಾಪದದ ಕೊನೆಯ ಒಂದಕ್ಷರದಿಂದ ಎಂಥ ಅನಾಹುತವಾಗಬಹುದಾಗಿತ್ತೆಂಬುದನ್ನು ಕೇಳಿದ ಮೇಲೆ ನಮ್ಮ ಅಭಿಪ್ರಾಯವು ಬದಲಾಯಿತು. ಅದನ್ನೇ ಈ ಸಲ ಅರಿಕೆಮಾಡಿಕೊಳ್ಳುತ್ತೇವೆ.

ಬೆಳಗಾವಿಯಲ್ಲಿ ಲೋಂಡಾದ ಕಡೆಗೆ ಹೋಗುವ ರೈಲನ್ನೇರಿದರೆ ದೇಸೂರು, ಇದಲಹೊಂಡಗಳನ್ನು ದಾಟಿ ಖಾನಾಪುರವು ಬರುತ್ತದೆ. ದಾರಿ ಚಿಕ್ಕದು, ಆದರೆ ಡಬ್ಬಿಯಲ್ಲಿ ಕುಳಿತು ಕಿವಿಗೊಟ್ಟರೆ ಕನ್ನಡ, ಮರಾಠಿ, ಕೊಂಕಣಿ, ಉರ್ದು, ಈ ನಾಲ್ಕೂ ನುಡಿಗಳು ಒಂದೇ ಬೆಂಚಿನ ಮೇಲೆ ಸರಿದು ಕುಳಿತಂತೆ ತೋರುತ್ತದೆ. ಇದು ಹೊಸತೇನೂ ಅಲ್ಲ. ಖಾನಾಪುರ ತಾಲೂಕಿನ ಹಲಸಿಯೇ ಕದಂಬರ ಪಲಾಶಿಕೆ. ಆ ಅರಸರ ತಾಮ್ರಶಾಸನಗಳು ಸಂಸ್ಕೃತದಲ್ಲಿವೆ. ಒಂದಕ್ಕಿಂತ ಹೆಚ್ಚು ನುಡಿಗಳನ್ನು ಸಾಕಿಕೊಂಡು ಬರುವುದು ಈ ನೆಲಕ್ಕೆ ಹಿಂದಿನಿಂದ ಬಂದ ಗುಣವೇ ಸರಿ.

ನಾವು ಹೋದ ಮನೆಯವರು ಮರಾಠಿ ಮಾತನಾಡುವವರು. ಸೊಸೆ ಬೈಲಹೊಂಗಲದ ಕಡೆಯವಳು. ಅಚ್ಚ ಕನ್ನಡದ ಮನೆಯಲ್ಲಿ ಬೆಳೆದವಳು. ಎರಡೂ ಮನೆಯವರು ಒಂದೇ ಕುಲದವರು. ಮನೆಯ ಮಾತು ಮಾತ್ರ ಬೇರೆ. ಮಗನು ಬೆಳಗಾವಿಯಲ್ಲಿ ನೌಕರಿಯಲ್ಲಿದ್ದು ಬೆಳಿಗ್ಗೆ ಹೋದರೆ ರಾತ್ರಿ ಬರುವವನು. ಅವನಿಗೆ ಕನ್ನಡ ಚೆನ್ನಾಗಿ ಬರುತ್ತದೆ. ಅತ್ತೆಗೆ ಕನ್ನಡ ಬಾರದು. ಹಗಲೆಲ್ಲ ಮನೆಯಲ್ಲಿ ಇರುವವರು ಅತ್ತೆ, ಸೊಸೆ ಮತ್ತು ಮರೆವಿನ ವಯಸ್ಸಿನ ಮಾವ, ಇವರು ಮೂವರೇ.

ಸೊಸೆ ಜಾಣೆ. ಮೂರು ತಿಂಗಳಲ್ಲಿ ಪಾತ್ರೆಪಗಡಗಳ ಹೆಸರು, ಕಾಯಿಪಲ್ಯಗಳ ಹೆಸರು, ಬಂಧುಬಳಗವನ್ನು ಕರೆಯುವ ಬಗೆ ಎಲ್ಲವನ್ನೂ ಕಲಿತಿದ್ದಳು. ತೊಡಕಾದುದು ಭೂತಕಾಲದಲ್ಲಿ. 'ಮಾಡಿದೆನು' ಎನ್ನುವುದಕ್ಕೆ ಒಮ್ಮೆ 'ಕೇಲಾ', ಒಮ್ಮೆ 'ಕೇಲೀ', ಇನ್ನೊಮ್ಮೆ 'ಕೇಲಂ' ಎಂದು ಮನೆಯವರು ಹೇಳುತ್ತಿದ್ದರು. ಅವಳು ಒಂದು ದಿನ 'ಮೀ ಭಾಕರೀ ಕೇಲೇ' ಎಂದಾಗ ನೆರೆಮನೆಯ ಮಕ್ಕಳು ನಕ್ಕುಬಿಟ್ಟವು. ಮಕ್ಕಳ ನಗೆಯಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಹೊಸ ಮನೆಗೆ ಬಂದ ಹೆಣ್ಣಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಅವಳು ಭೂತಕಾಲವನ್ನೇ ಬಿಟ್ಟುಕೊಟ್ಟಳು. ಆದುದನ್ನೂ ಆಗುವುದನ್ನೂ ವರ್ತಮಾನದಲ್ಲಿಯೇ ಹೇಳತೊಡಗಿದಳು. 'ಕರತೇ', 'ದೇತೇ', 'ಜಾತೇ', ಇಷ್ಟರಲ್ಲಿಯೇ ದಿನ ಸಾಗಿಸಿದಳು.

ಮಾವನವರಿಗೆ ರಕ್ತದ ಒತ್ತಡದ ಗುಳಿಗೆಯೊಂದುಂಟು, ದಿನಕ್ಕೆ ಒಂದೇ. ಒಂದು ಮುಂಜಾನೆ ಅತ್ತೆ ದೇವಸ್ಥಾನದಿಂದ ಬಂದು, 'ಗೋಳೀ ದಿಲೀಸ ಕಾ?' ಎಂದು ಕೇಳಿದರು. ಗುಳಿಗೆಯನ್ನು ಕೊಟ್ಟೆಯಾ ಎಂದರ್ಥ. ಸೊಸೆ ಆಗಲೇ ಕೊಟ್ಟಿದ್ದಳು. ಆದರೆ 'ಕೊಟ್ಟೆ' ಎನ್ನುವುದಕ್ಕೆ ಯಾವ ಅಕ್ಷರವನ್ನು ಹಚ್ಚಬೇಕೋ ತಿಳಿಯದೆ 'ದೇತೇ' ಎಂದಳು. 'ಕೊಡುತ್ತೇನೆ' ಎಂದು ಅತ್ತೆಗೆ ಅರ್ಥವಾಯಿತು. ಸೊಸೆಯ ಕೈ ಹಿಟ್ಟಿನಲ್ಲಿದೆಯಲ್ಲಾ ಎಂದು ಮುದುಕಿ ತಾನೇ ಇನ್ನೊಂದು ಗುಳಿಗೆಯನ್ನು ತೆಗೆದು ಗಂಡನ ಕೈಯಲ್ಲಿಟ್ಟಳು. ಕೈಯಲ್ಲಿಟ್ಟುದನ್ನು ನುಂಗುವ ಸ್ವಭಾವ ಅವರದು, ನುಂಗಿದರು. ಮಧ್ಯಾಹ್ನ ಏಳಲು ಹೋಗಿ ತಲೆತಿರುಗಿ ಗೋಡೆಗೆ ಒರಗಿದರು. ವೈದ್ಯರನ್ನು ಕಾಣಿಸಿದರು, ಒಂದು ದಿನ ಮಲಗಿದ್ದು ಸುಧಾರಿಸಿಕೊಂಡರು. ದೇವರು ದೊಡ್ಡವನು. ಆದರೆ ಸೊಸೆಯ ಎದೆಯಲ್ಲಿ ನೆಟ್ಟ ಮುಳ್ಳು ಅಷ್ಟು ಬೇಗನೆ ಹೊರಬೀಳಲಿಲ್ಲ. ನಾವು ಹೋದಾಗ ಅವಳು ಅತ್ತೆಯೊಡನೆ ಕೈಸನ್ನೆಯಿಂದಲೇ ಮಾತನಾಡುತ್ತಿದ್ದಳು.

ಇಲ್ಲಿ ತಪ್ಪು ಯಾರದು? ಅತ್ತೆಯದಲ್ಲ, ಸೊಸೆಯದಲ್ಲ. ಎರಡು ನುಡಿಗಳು ಕ್ರಿಯಾಪದವನ್ನು ನಡೆಸುವ ಬಗೆ ಬೇರೆಯಾಗಿರುವುದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ, ಅಷ್ಟೆ.

ನಮ್ಮ ಕನ್ನಡದಲ್ಲಿ ಕ್ರಿಯಾಪದವು ಕರ್ತೃವಿನ ಆಳು. ನಾನು ರೊಟ್ಟಿ ತಿಂದೆನು, ನಾನು ಹಣ್ಣು ತಿಂದೆನು, ನಾನು ಅನ್ನ ತಿಂದೆನು: ತಿಂದ ವಸ್ತು ಏನೇ ಆಗಲಿ, 'ತಿಂದೆನು' ಎಂಬುದು ಕದಲದು. ಅವನು ತಿಂದರೆ 'ತಿಂದನು', ಅವಳು ತಿಂದರೆ 'ತಿಂದಳು'. ಮರಾಠಿಯಲ್ಲಿಯೂ ವರ್ತಮಾನದಲ್ಲಿ ಹೀಗೆಯೇ. ಆದರೆ ಸಕರ್ಮಕ ಕ್ರಿಯೆಯು ಭೂತಕಾಲಕ್ಕೆ ಕಾಲಿಟ್ಟೊಡನೆ ಕರ್ತೃವನ್ನು ಬಿಟ್ಟು ಕರ್ಮದ ಬೆನ್ನು ಹತ್ತುತ್ತದೆ. 'ಮೀ ಆಂಬಾ ಖಾಲ್ಲಾ': ಮಾವಿನ ಹಣ್ಣು ಅಲ್ಲಿ ಪುಲ್ಲಿಂಗ. 'ಮೀ ಭಾಕರೀ ಖಾಲ್ಲೀ': ಭಾಕರಿ ಸ್ತ್ರೀಲಿಂಗ. 'ಮೀ ಕೇಳಂ ಖಾಲ್ಲಂ': ಬಾಳೆಯ ಹಣ್ಣು ನಪುಂಸಕ. ತಿಂದವರು ಗಂಡಸಾಗಲಿ ಹೆಂಗಸಾಗಲಿ, ಕ್ರಿಯಾಪದಕ್ಕೆ ಆ ವಿಚಾರವಿಲ್ಲ.

ಇದರ ಬೇರು ಸಂಸ್ಕೃತ ಬಲ್ಲವರಿಗೆ ಕೂಡಲೇ ಹೊಳೆದೀತು. 'ರಾಮೇಣ ಫಲಂ ಖಾದಿತಮ್' ಎಂದಾಗ ಕ್ರಿಯೆಯು ಫಲವನ್ನು ಅನುಸರಿಸುತ್ತದೆಯಲ್ಲವೆ? ಆ ಕರ್ಮಣಿ ಪ್ರಯೋಗದ ಪರಂಪರೆಯೇ ಮರಾಠಿಯ ಭೂತಕಾಲದಲ್ಲಿ ಉಳಿದು ಬಂದಿದೆ. 1836ರಲ್ಲಿ ಮರಾಠಿ ವ್ಯಾಕರಣವನ್ನು ಬರೆದ ದಾದೋಬಾ ಪಾಂಡುರಂಗರ ಕಾಲದಿಂದಲೂ ಅಲ್ಲಿಯ ಮಕ್ಕಳು ಪ್ರಯೋಗಗಳ ಪಾಠವನ್ನು ಕಲಿಯುತ್ತ ಬಂದಿದ್ದಾರೆ. ನಮ್ಮ ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ಶಬ್ದಮಣಿದರ್ಪಣವನ್ನು ಬರೆದ ಕನ್ನಡವಾದರೋ ಬೇರೆ ಕುಲದ ನುಡಿ. ಅದರ ಕ್ರಿಯಾಪದವು ಕರ್ತೃವಿನ ಕೈಬಿಡಲಿಲ್ಲ.

ಈ ವಿಚಿತ್ರವು ಮರಾಠಿಗೊಂದಕ್ಕೇ ಸೇರಿದುದೂ ಅಲ್ಲ. ಹಿಂದಿ, ಉರ್ದುಗಳಲ್ಲಿ 'ಮೈಂನೇ ರೋಟೀ ಖಾಯೀ' ಎನ್ನುವುದನ್ನು ಎಲ್ಲರೂ ಬಲ್ಲರು. ಇನ್ನೂ ದೂರ ಹೋಗೋಣ. ನಮ್ಮ ಒಗ್ಗರಣೆಯ ಇಂಗು ಬರುವ ಅಫಘಾನಿಸ್ಥಾನದಲ್ಲಿಯೂ ಪೇಶಾವರದ ಸೀಮೆಯಲ್ಲಿಯೂ ಪಠಾಣರಾಡುವ ಪಶ್ತೋ ನುಡಿಯಲ್ಲಿ ಇದೇ ಕಟ್ಟಳೆ. 'ನಾನು ರೊಟ್ಟಿ ತಿನ್ನುತ್ತೇನೆ' ಎನ್ನುವಾಗ ಪಠಾಣನ ಕ್ರಿಯೆ ಅವನನ್ನೇ ಅನುಸರಿಸುತ್ತದೆ. 'ತಿಂದೆನು' ಎನ್ನುವಾಗ ಸ್ತ್ರೀಲಿಂಗದ ರೊಟ್ಟಿಯನ್ನು ಅನುಸರಿಸುತ್ತದೆ. ಅಲ್ಲಿ ಒಂದು ಅನುಕೂಲವುಂಟು. ವರ್ತಮಾನದಲ್ಲಿ 'ನಾನು' ಎಂಬುದಕ್ಕೆ 'ಜ' ಎನ್ನುವವನು, ಇಂಥ ಭೂತಕಾಲದಲ್ಲಿ 'ಮಾ' ಎನ್ನುತ್ತಾನೆ. ಸರ್ವನಾಮವೇ ಬದಲಾಗಿ, 'ಎಚ್ಚರ, ಮುಂದೆ ಕ್ರಿಯಾಪದದ ಒಡೆಯ ಬೇರೆ' ಎಂದು ಕಲಿಯುವವನಿಗೆ ಸೂಚಿಸುತ್ತದೆ. ಹಿಂದಿಯ 'ನೇ' ಪ್ರತ್ಯಯವೂ ಇದೇ ಕೆಲಸವನ್ನು ಮಾಡುತ್ತದೆ. ಮರಾಠಿಯಲ್ಲಿ 'ತ್ಯಾನೇ', 'ತಿನೇ' ಎನ್ನುವಾಗ ಆ ಸೂಚನೆಯುಂಟು. 'ಮೀ', 'ತೂ' ಎನ್ನುವಾಗ ಇಲ್ಲ. ಎರಡು ಕಾಲಕ್ಕೂ 'ಮೀ' ಒಂದೇ. ಕನ್ನಡದ ಹೆಣ್ಣುಮಗಳು ಎಡವಿದುದು ಈ ಮುಚ್ಚಿದ ಹೊಂಡದಲ್ಲಿಯೇ.

ಈಗ ಉಪಾಯವನ್ನು ಹೇಳುತ್ತೇವೆ. ಅಂದು ನಾವು ಆ ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಹೇಳಿದುದು ಇಷ್ಟೇ: 'ತಂಗೀ, ಅತ್ತೆಯವರು ಕೇಳುವ ಪ್ರಶ್ನೆಯಲ್ಲಿಯೇ ನಿನ್ನ ಉತ್ತರವಿದೆ.' ಕನ್ನಡದಲ್ಲಿ 'ಕೊಟ್ಟೆಯಾ?' ಎಂದು ಕೇಳಿದರೆ 'ಕೊಟ್ಟೆನು' ಎನ್ನಬೇಕು. ಕೇಳುವವರ ಮಾತಿನಲ್ಲಿ 'ನೀನು', ಹೇಳುವವರ ಮಾತಿನಲ್ಲಿ 'ನಾನು' ಆಗುವುದರಿಂದ ಕ್ರಿಯಾಪದವೂ ಬದಲಾಗಬೇಕು. ಮರಾಠಿಯಲ್ಲಿ ಕ್ರಿಯಾಪದವು ಗುಳಿಗೆಗೆ ಸೇರಿದುದು. ಪ್ರಶ್ನೆಯಲ್ಲಿಯೂ ಅದೇ ಗುಳಿಗೆ, ಉತ್ತರದಲ್ಲಿಯೂ ಅದೇ ಗುಳಿಗೆ. ಆದುದರಿಂದ 'ದಿಲೀಸ ಕಾ?' ಎಂದರೆ, 'ನೀನು' ಎಂಬುದಕ್ಕಾಗಿ ಹತ್ತಿದ 'ಸ' ಕಾರವನ್ನೂ ಪ್ರಶ್ನೆಯ 'ಕಾ' ಎಂಬುದನ್ನೂ ಕಳಚಿ 'ದಿಲೀ' ಎಂದರಾಯಿತು. 'ಭಾಕರೀ ಕೇಲೀಸ ಕಾ?' 'ಕೇಲೀ.' 'ಭಾತ ಶಿಜವಲಾಸ ಕಾ?' 'ಶಿಜವಲಾ.' 'ದೂಧ ತಾಪವಲಂಸ ಕಾ?' 'ತಾಪವಲಂ.' ಗೌರವದಿಂದ 'ತುಮ್ಹೀ' ಎಂದು ಕೇಳಿದರೆ 'ದಿಲೀತ ಕಾ?' ಎಂದು 'ತ' ಕಾರ ಬರುತ್ತದೆ. ಅದನ್ನೂ ಹಾಗೆಯೇ ಕಳಚತಕ್ಕದ್ದು. ಕಠಿಣವೆಂದು ಅಂಜಿದ ಸ್ಥಳವೇ ಎಲ್ಲಕ್ಕಿಂತ ಸುಲಭವಾಯಿತು ನೋಡಿರಿ!

ಪ್ರಶ್ನೆಯಿಲ್ಲದೆ ತಾನಾಗಿ ಮಾತನಾಡಬೇಕಾದಾಗ ಮಾತ್ರ ವಸ್ತುವಿನ ಲಿಂಗವು ತಿಳಿದಿರಬೇಕು. ಕನ್ನಡದಲ್ಲಿ ಲಿಂಗವು ಅರ್ಥದಿಂದ ತಿಳಿಯುತ್ತದೆ. ಮರಾಠಿಯಲ್ಲಿ ಶಬ್ದಶಬ್ದಕ್ಕೂ ಕಲಿಯಬೇಕು. ಹೀಗಾಗಿ ಅಡಿಗೆಮನೆಯ ಪದಾರ್ಥಗಳನ್ನು ಬರಿಯ ಹೆಸರಿನಿಂದ ಕಲಿಯದೆ ಸರ್ವನಾಮದ ಕೂಡ ಕಲಿಯತಕ್ಕದ್ದು: ತೋ ಭಾತ, ತೋ ಗೂಳ, ತೋ ಕಾಂದಾ, ತೀ ಭಾಕರೀ, ತೀ ಆಮಟೀ, ತೀ ಸಾಖರ, ತೇ ದೂಧ, ತೇ ಮೀಠ, ತೇ ತೂಪ. ನಮ್ಮ ಬೆಳಗಾವಿಯ ಕುಂದಾ ಕೂಡ ಅಲ್ಲಿ ಪುಲ್ಲಿಂಗವೇ: 'ಕುಂದಾ ಖಾಲ್ಲಾ'.

ಮೂರು ಎಚ್ಚರಿಕೆಗಳನ್ನು ಹೇಳಿ ಮುಗಿಸುತ್ತೇವೆ. ಮೊದಲನೆಯದು: ಹೋಗು, ಬಾ ಎಂಬಂಥ ಅಕರ್ಮಕ ಕ್ರಿಯೆಗಳಿಗೆ ಈ ಉಪಾಯವು ಸಲ್ಲದು. ಅಲ್ಲಿ ಕ್ರಿಯೆಯು ಕರ್ತೃವಿನದೇ, 'ಆಲೀಸ ಕಾ?' ಎಂದರೆ ಹೆಣ್ಣುಮಗಳು 'ಆಲೇ' ಎನ್ನಬೇಕು. ಆದರೂ ಗ್ರಂಥದ ಕಟ್ಟಳೆಯೊಂದು, ಊರಿನ ರೂಢಿಯೊಂದು. ಕೊಲ್ಹಾಪುರದ ಸೀಮೆಯಲ್ಲಿ ಹೆಂಗಸರೂ 'ಮೀ ಆಲೋ' ಎನ್ನುವುದುಂಟು. ಮನೆಯ ಹಿರಿಯ ಹೆಂಗಸರು ಹೇಳುವುದನ್ನು ಕಿವಿಗೊಟ್ಟು ಕೇಳಿ ನಡೆಯುವುದೇ ಲೇಸು. ಎರಡನೆಯದು: ಕುಡಿಯುವುದು, ಕಲಿಯುವುದು, ಮರೆಯುವುದು, ಊಟಮಾಡುವುದು, ಈ ಕೆಲವು ಕ್ರಿಯೆಗಳು ಭೂತಕಾಲದಲ್ಲಿಯೂ ಕರ್ತೃವನ್ನು ಬಿಡವು. 'ಭಾಕರೀ ಖಾಲ್ಲೀ' ಎನ್ನುವವಳು 'ಮೀ ಜೇವಲೇ' ಎನ್ನುತ್ತಾಳೆ. ಮೂರನೆಯದು: ಕರ್ಮಕ್ಕೆ 'ಲಾ' ಪ್ರತ್ಯಯವು ಹತ್ತಿದರೆ ಕ್ರಿಯೆಯು ಯಾರನ್ನೂ ಅನುಸರಿಸದೆ ನಪುಂಸಕದಲ್ಲಿ ತಟಸ್ಥವಾಗಿ ನಿಲ್ಲುತ್ತದೆ: 'ಮುಲೀಲಾ ಬೋಲಾವಲಂ.'

ಇಷ್ಟು ಭೇದವಿದ್ದರೂ ಈ ಎರಡು ನುಡಿಗಳು ನೆರೆಹೊರೆಯಲ್ಲಿ ಬಾಳಿ ಎಷ್ಟೋ ನಡೆಗಳನ್ನು ಹಂಚಿಕೊಂಡಿವೆ. 'ಹೋಗಿ ಬರುತ್ತೇನೆ' ಎಂದು ನಾವು ಹೊಸ್ತಿಲು ದಾಟಿದರೆ ಅವರು 'ಜಾಊನ ಯೇತೇ' ಎಂದು ದಾಟುತ್ತಾರೆ. ಮಾತಿನ ಜೋಡಣೆ ಒಂದೇ, ಮನಸ್ಸೂ ಒಂದೇ. ನಾವು 'ಅಂತ' ಎಂದು ಮಾತನ್ನು ಕಟ್ಟುವಲ್ಲಿ ಅವರು 'ಮ್ಹಣೂನ' ಎನ್ನುತ್ತಾರೆ. ಸಾಂಗಲಿ ಜಿಲ್ಲೆಯ ಕುಪವಾಡವೆಂಬ ಊರಿನಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳನ್ನಾಡುವವರು ತಲೆಮಾರುಗಳಿಂದ ಕೂಡಿ ಬಾಳಿದ್ದರಿಂದ, ಶಬ್ದಗಳು ಬೇರೆಯಾಗಿದ್ದರೂ ವಾಕ್ಯದ ನಡೆ ಬಹುಮಟ್ಟಿಗೆ ಒಂದಾಗಿಬಿಟ್ಟಿದೆಯೆಂದು ಗಂಪರ್ಜ್ ಮತ್ತು ವಿಲ್ಸನ್ ಎಂಬ ವಿದ್ವಾಂಸರು 1971ರಲ್ಲಿ ಬರೆದಿದ್ದಾರೆ. ಪಂಡಿತರ ನೆರವಿಲ್ಲದೆ ಬಾವಿಕಟ್ಟೆಯಲ್ಲಿಯೂ ಸಂತೆಯಲ್ಲಿಯೂ ಜನರೇ ಮಾಡಿಕೊಂಡ ಒಪ್ಪಂದವದು.

ಗಡಿಯ ವಾದಗಳು ತಮ್ಮ ಎಡೆಯಲ್ಲಿ ಇರಲಿ. 1956ರಲ್ಲಿ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದಂದಿನಿಂದ ಆ ಮಾತು ನಡೆದೇ ಇದೆ. ಆದರೆ ಅಡಿಗೆಮನೆಯಲ್ಲಿ ಗಡಿಯೆಳೆದರೆ ಒಲೆ ಹತ್ತುವುದಿಲ್ಲ. ಸೊಸೆಯು ಕನ್ನಡವನ್ನು ಬಿಡಬೇಕಾಗಿಲ್ಲ. ಅತ್ತೆಯು ಮರಾಠಿಯನ್ನು ಬಿಡಬೇಕಾಗಿಲ್ಲ. ಒಬ್ಬರ ಕ್ರಿಯಾಪದವನ್ನು ಒಬ್ಬರು ತಿಳಿದುಕೊಂಡರೆ ಸಾಕು. ಕಲಿಯುವವರು ತಪ್ಪಿದಾಗ ನಗುವುದಕ್ಕಿಂತ ಸರಿಯಾದ ರೂಪವನ್ನು ಮೆಲ್ಲನೆ ಒಮ್ಮೆ ಹೇಳಿಕೊಡುವುದು ಮೇಲು; ನಗೆಗೆ ಅಂಜಿದ ನಾಲಿಗೆಯು ಹೇಳಬೇಕಾದುದನ್ನೂ ಹೇಳದೆ ಹೋಗುತ್ತದೆಂಬುದನ್ನು ಆ ಎರಡನೆಯ ಗುಳಿಗೆಯು ತೋರಿಸಿಕೊಟ್ಟಿದೆ.

ನಾವು ಹೊರಡುವ ಹೊತ್ತಿಗೆ ಅತ್ತೆಯವರು ಒಳಗಿನಿಂದ, 'ಪಾಹುಣ್ಯಾಂನಾ ಚಹಾ ದಿಲಾಸ ಕಾ?' ಎಂದು ಕೂಗಿ ಕೇಳಿದರು. ಬಂದವರಿಗೆ ಚಹ ಕೊಟ್ಟೆಯಾ ಎಂದು. ಸೊಸೆ ಒಂದು ಕ್ಷಣ ನಮ್ಮ ಮುಖವನ್ನು ನೋಡಿದಳು. ತುಟಿಯಲ್ಲಿಯೇ ಆ ಮಾತನ್ನೊಮ್ಮೆ ತಿರುವಿಕೊಂಡು, 'ದಿಲಾ, ಆಈ' ಎಂದಳು. ಒಳಗಿನಿಂದ ಮತ್ತೆ ಪ್ರಶ್ನೆ ಬರಲಿಲ್ಲ. ಅತ್ತೆಯವರು ಸೆರಗಿಗೆ ಕೈಯೊರೆಸಿಕೊಳ್ಳುತ್ತ ಹೊರಗೆ ಬಂದು ಸೊಸೆಯ ಬೆನ್ನ ಮೇಲೆ ಕೈಯಿಟ್ಟು, ತಮಗೆ ಗೊತ್ತಿದ್ದ ಒಂದೇ ಕನ್ನಡದ ಮಾತಿನಲ್ಲಿ ನಮಗೆ 'ಬರ್ರಿ' ಎಂದು ಬೀಳ್ಕೊಟ್ಟರು.