ಸಾಯುವ ಮುಂಚೆಯೇ ಶ್ರದ್ಧಾಂಜಲಿ ಮಾರಿದವರು

2009ರ ಮಾರ್ಚ್ ತಿಂಗಳು. ಇಂಗ್ಲೆಂಡಿನ ಅಂಗಡಿಗಳಿಗೆ ‘ಓಕೆ!’ ಎಂಬ ಬಣ್ಣದ ವಾರಪತ್ರಿಕೆಯ ಹೊಸ ಸಂಚಿಕೆ ಬಂತು. ಮುಖಪುಟದಲ್ಲಿ ಒಬ್ಬ ಹೆಣ್ಣುಮಗಳ ಫೋಟೋ, ಸುತ್ತ ಕಪ್ಪು ಅಂಚು, ‘1981–2009’ ಅಂತ ಹುಟ್ಟಿದ ಇಸವಿ, ಸತ್ತ ಇಸವಿ. ನೆನಪಿನ ವಿಶೇಷ ಸಂಚಿಕೆ ಅಂತ ದೊಡ್ಡಕ್ಷರದಲ್ಲಿ ಬರೆದಿದ್ದರು.

ಆದರೆ ಆ ಹೆಣ್ಣುಮಗಳು ಇನ್ನೂ ಸತ್ತಿರಲಿಲ್ಲ. ಎಸೆಕ್ಸ್‌ನ ತಮ್ಮ ಮನೆಯಲ್ಲಿ ಮಲಗಿದ್ದರು. ಉಸಿರಾಡುತ್ತಿದ್ದರು. ಇಬ್ಬರು ಪುಟ್ಟ ಗಂಡುಮಕ್ಕಳಿದ್ದರು.

ನಮ್ಮೂರುಗಳಲ್ಲಿ ಹಾಸಿಗೆ ಹಿಡಿದವನು ಕಡುವೈರಿಯಾದರೂ ಸರಿ, ಉಸಿರು ನಿಲ್ಲುವ ಮೊದಲು ತಿಥಿ ಮಾತು ತೆಗೆದರೆ ಹಿರಿಯರು ಬಾಯಿಗೆ ಬಂದಂತೆ ಬೈಯುತ್ತಾರೆ. ಅಲ್ಲಿ ಅದನ್ನು ಅಚ್ಚು ಹಾಕಿಸಿ, ಬೆಲೆ ಕಟ್ಟಿ, ಮಾರಿದರು. ಕೊಂಡವರೂ ಇದ್ದರು.

ಆಕೆಯ ಹೆಸರು ಜೇಡ್ ಗೂಡಿ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ‘ನಮ್ಮ ಶಿಲ್ಪಾ ಶೆಟ್ಟಿಗೆ ಬೈದಳಲ್ಲ, ಆ ಬಿಳಿ ಹೆಂಗಸು’ ಅಂದರೆ ಇನ್ನೂ ಕೆಲವರಿಗೆ ನೆನಪಾದೀತು. ಅಷ್ಟೇ ನೆನಪಿರುವುದು ಯಾಕೆ ಅನ್ನುವುದೇ ನಮ್ಮ ತಕರಾರು.

ಮೊದಲಿಗೆ ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳುತ್ತೇವೆ. ಈ ಬರಹದ ಮೊದಲ ಕರಡಿನಲ್ಲಿ ಶಿಲ್ಪಾಗೆ ‘ಅವರು’ ಅಂತಲೂ ಜೇಡ್‌ಗೆ ‘ಅವಳು’ ಅಂತಲೂ ಬರೆದಿದ್ದೆವು. ಯಾರೂ ಹೇಳಿಕೊಟ್ಟಿರಲಿಲ್ಲ, ಕೈ ತಾನಾಗಿ ಹಾಗೆ ಹೋಗಿತ್ತು. ತಿದ್ದಿದ್ದೇವೆ. ಇಬ್ಬರಿಗೂ ‘ಅವರು’.

ಜೇಡ್ ಹುಟ್ಟಿದ್ದು ದಕ್ಷಿಣ ಲಂಡನ್ನಿನ ಬರ್ಮಂಡ್ಸಿಯಲ್ಲಿ, ಬಡವರ ಬೀದಿಯಲ್ಲಿ. ಅಪ್ಪನಿಗೆ ಮಾದಕ ವಸ್ತುವಿನ ಚಟ, ಜೈಲಿಗೂ ಹೋಗಿಬಂದವರು. 2005ರಲ್ಲಿ ಆ ಚಟವೇ ಅವರನ್ನು ತೆಗೆದುಕೊಂಡು ಹೋಯಿತು. ಅಮ್ಮನಿಗೆ ಬೈಕ್ ಅಪಘಾತವಾಗಿ ಒಂದು ಕೈ ಸ್ವಾಧೀನ ತಪ್ಪಿತ್ತು. ಆಟವಾಡುವ ವಯಸ್ಸಿನಲ್ಲಿ ಮಗಳೇ ಅಮ್ಮನನ್ನು ನೋಡಿಕೊಳ್ಳಬೇಕಾಯಿತು. ಹೀಗೆ ಬೆಳೆದವರು ಶಾಲೆಯಲ್ಲಿ ಎಷ್ಟು ಕಲಿತಿರುತ್ತಾರೆ ಅಂತ ನಮ್ಮ ಓದುಗರಿಗೆ ನಾವು ಬಿಡಿಸಿ ಹೇಳಬೇಕಿಲ್ಲ. ದೊಡ್ಡವರಾದ ಮೇಲೆ ಹಲ್ಲಿನ ಡಾಕ್ಟರ ಹತ್ತಿರ ನರ್ಸ್ ಕೆಲಸ ಹಿಡಿದರು.

2002ರಲ್ಲಿ, 20ನೇ ವಯಸ್ಸಿಗೆ, ‘ಬಿಗ್ ಬ್ರದರ್’ ಎಂಬ ಟಿವಿ ಕಾರ್ಯಕ್ರಮಕ್ಕೆ ಆಯ್ಕೆಯಾದರು. ಹಾಲೆಂಡಿನಲ್ಲಿ 1999ರಲ್ಲಿ ಶುರುವಾದ ಆಟ ಅದು. ಒಂದು ಮನೆ, ಎಲ್ಲ ಕಡೆ ಕ್ಯಾಮೆರಾ, ಒಳಗಿರುವವರು ಜಗಳವಾಡಬೇಕು, ಅಳಬೇಕು, ಹೊರಗಿರುವವರು ವೋಟು ಹಾಕಬೇಕು. ನಮ್ಮಲ್ಲಿ ಇದೇ ಆಟ ‘ಬಿಗ್ ಬಾಸ್’ ಅಂತ ಬರುತ್ತದೆ. ಕನ್ನಡದಲ್ಲಿ 2013ರಿಂದ ನಡೆಯುತ್ತಿದೆ.

ಆ ಮನೆಯೊಳಗೆ ಜೇಡ್ ಬಾಯಿ ಬಿಟ್ಟರೆ ಸಾಕು, ಹೊರಗೆ ನಗು. ಇಂಗ್ಲೆಂಡಿನಲ್ಲೇ ಈಸ್ಟ್ ಆಂಗ್ಲಿಯಾ ಎಂಬ ಸೀಮೆ ಇದೆ. ಅವರು ಅದನ್ನು ‘ಈಸ್ಟ್ ಆಂಗ್ಯುಲರ್’ ಅಂದರು, ಹೊರದೇಶ ಅಂದುಕೊಂಡಿದ್ದರು. ಟ್ಯಾಬ್ಲಾಯ್ಡ್ ಪತ್ರಿಕೆಗಳು, ಅಂದರೆ ಸಣ್ಣ ಗಾತ್ರದಲ್ಲಿ ದೊಡ್ಡ ಗದ್ದಲ ಮಾಡುವ ಪತ್ರಿಕೆಗಳು, ಅವರನ್ನು ಹಂದಿ ಅಂತ ಕರೆದವು. ‘ಹಂದಿಯನ್ನು ಹೊರಗೆ ಹಾಕಿ’ ಅಂತ ಪ್ರಚಾರ ಮಾಡಿದವು. ಮೈ, ಬಾಯಿ, ಬಣ್ಣ, ಉಚ್ಚಾರ, ಏನನ್ನೂ ಬಿಡಲಿಲ್ಲ. ಮನೆಯೊಳಗಿದ್ದ ಹುಡುಗಿಗೆ ಇದು ಒಂದೂ ಗೊತ್ತಿರಲಿಲ್ಲ. ಒಳಗೆ ಪತ್ರಿಕೆ ಹೋಗುವುದಿಲ್ಲ, ಅದೇ ಆ ಆಟದ ನಿಯಮ.

ಅವರು ಗೆಲ್ಲಲಿಲ್ಲ, ನಾಲ್ಕನೆಯವರಾದರು. ಆದರೆ ಹೊರಗೆ ಬಂದಾಗ ಗೆದ್ದವರಿಗಿಂತ ಇವರ ಹೆಸರೇ ದೊಡ್ಡದಾಗಿತ್ತು. ಹಂದಿ ಎಂದ ಪತ್ರಿಕೆಗಳು ಈಗ ಸಂದರ್ಶನಕ್ಕೆ ಸಾಲು ನಿಂತವು. ಇದನ್ನು ಮನಸ್ಸು ಬದಲಾಯಿಸುವುದು ಅನ್ನುವುದಿಲ್ಲ. ಸಂತೆಯಲ್ಲಿ ನೋಡಿದ್ದೀರಲ್ಲ, ಹಸುವಿಗೆ ಹಲ್ಲು ಸರಿಯಿಲ್ಲ, ಕಾಲು ಸರಿಯಿಲ್ಲ ಅಂತ ಬೈದ ದಲ್ಲಾಳಿಯೇ ಅರ್ಧ ಗಂಟೆ ಬಿಟ್ಟು ಅದೇ ಹಸುವನ್ನು ಹೊಗಳಿ ಮಾರುತ್ತಾನೆ. ಹಾಗೆ.

ಮುಂದಿನ ನಾಲ್ಕು ವರ್ಷ ಜೇಡ್ ಚೆನ್ನಾಗಿಯೇ ದುಡಿದರು. ಸ್ವಂತ ಬ್ಯೂಟಿ ಪಾರ್ಲರ್, ವ್ಯಾಯಾಮದ ಡಿವಿಡಿ, ಆತ್ಮಕಥೆ, ತಮ್ಮ ಹೆಸರಿನ ಸೆಂಟು. ದಡ್ಡಿ ಅಂತ ದೇಶವೇ ನಕ್ಕ ಹುಡುಗಿ ವ್ಯಾಪಾರದಲ್ಲಿ ದಡ್ಡಿಯಾಗಿರಲಿಲ್ಲ.

ಆಮೇಲೆ 2007ರ ಜನವರಿ. ಹೆಸರಾದವರಿಗೇ ಅಂತ ನಡೆಸುವ ‘ಸೆಲೆಬ್ರಿಟಿ ಬಿಗ್ ಬ್ರದರ್’ ಮನೆಗೆ ಜೇಡ್ ಹೋದರು. ಅಲ್ಲಿ ಶಿಲ್ಪಾ ಶೆಟ್ಟಿ ಇದ್ದರು. ಮಂಗಳೂರಿನಲ್ಲಿ ಹುಟ್ಟಿದ, ತುಳು ಮನೆಮಾತಿನ, ಹಿಂದಿ ಸಿನಿಮಾದ ನಟಿ. ಸಾರಿಗೆ ರುಚಿ ಬರಲು ಹಾಕುವ ಒಂದು ಸಣ್ಣ ಕ್ಯೂಬ್ ವಿಷಯಕ್ಕೆ ಶುರುವಾದ ಜಗಳ ಎಲ್ಲೆಲ್ಲಿಗೋ ಹೋಯಿತು. ಜೇಡ್ ಅವರು ಶಿಲ್ಪಾ ಹೆಸರಿನ ಜೊತೆ ಹಪ್ಪಳ ಸೇರಿಸಿ ಹೀಯಾಳಿಸಿದರು, ಕಿರುಚಾಡಿದರು. ಜೊತೆಗೆ ಇನ್ನಿಬ್ಬರು ಸೇರಿಕೊಂಡರು.

ಅದು ತಪ್ಪು. ಬಡತನದಲ್ಲಿ ಬೆಳೆದರು, ಓದಲಿಲ್ಲ ಅಂತ ಹೇಳಿ ನಾವು ಆ ತಪ್ಪನ್ನು ತೊಳೆಯಲು ಹೋಗುವುದಿಲ್ಲ. ಬಣ್ಣ, ಊಟ, ಹೆಸರು ಹಿಡಿದು ಹೀಯಾಳಿಸಿದರೆ ಎಷ್ಟು ಉರಿಯುತ್ತದೆ ಅಂತ ಈ ದೇಶದಲ್ಲಿ ಜಾತಿ ಕಂಡವರಿಗೆ ಗೊತ್ತು. ಜೇಡ್ ಕೂಡ ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿದರು.

ಆದರೆ ನಮ್ಮ ಪ್ರಶ್ನೆ ಬೇರೆ. ಆ ಜಗಳ ನಡೆದದ್ದು ಯಾರ ಮನೆಯಲ್ಲಿ? ಚಾನೆಲ್‌ನವರ ಮನೆಯಲ್ಲಿ. ದಿನಕ್ಕೆ 24 ಗಂಟೆ ಚಿತ್ರೀಕರಣ ನಡೆಯುತ್ತದೆ, ತೋರಿಸುವುದು ಅದರಲ್ಲಿ ಒಂದು ಚೂರು. ಆ ಚೂರನ್ನು ಆರಿಸುವವರು ಕುರ್ಚಿಯ ಮೇಲೆ ಕೂತ, ಡಿಗ್ರಿ ಪಡೆದ ಜನ. ಬೆಂಕಿ ಹತ್ತಿದ್ದು ಕಂಡರೂ ಅವರು ನೀರು ತರಲಿಲ್ಲ, ಕ್ಯಾಮೆರಾ ಹತ್ತಿರ ಒಯ್ದರು. ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ 44,500ಕ್ಕೂ ಹೆಚ್ಚು ದೂರು ಹೋದವು. ಪಟ್ನಾದಲ್ಲಿ ಕಾರ್ಯಕ್ರಮ ನಡೆಸುವವರ ಪ್ರತಿಕೃತಿ ಸುಟ್ಟರು. ಆಗ ಬ್ರಿಟನ್ನಿನ ಹಣಕಾಸು ಮಂತ್ರಿಯಾಗಿದ್ದ ಗಾರ್ಡನ್ ಬ್ರೌನ್ ಭಾರತ ಪ್ರವಾಸಕ್ಕೆ ಬಂದಿದ್ದರು, ಹೋದಲ್ಲೆಲ್ಲ ಇದೇ ಪ್ರಶ್ನೆ ಎದುರಾಯಿತು.

ಶಿಕ್ಷೆ ಯಾರಿಗಾಯಿತು ನೋಡಿ. ಜೇಡ್ 82 ಶೇಕಡಾ ವೋಟಿನಲ್ಲಿ ಹೊರಬಿದ್ದರು. ಅವರ ಸೆಂಟನ್ನು ಅಂಗಡಿಗಳು ಕಪಾಟಿನಿಂದ ತೆಗೆದವು. ಇತ್ತ ಚಾನೆಲ್ ನಿಯಮ ಮುರಿದಿದೆ ಅಂತ ಆಫ್‌ಕಾಮ್ ಮೇ ತಿಂಗಳಲ್ಲಿ ಹೇಳಿತು. ದಂಡನೆ ಏನು? ತಪ್ಪಾಗಿದೆ ಎಂಬ ಹೇಳಿಕೆಯನ್ನು ಟಿವಿಯಲ್ಲಿ ಓದಬೇಕು. ಓದಿದರು. ಮುಂದಿನ ಸೀಸನ್ ಶುರು ಮಾಡಿದರು.

2008ರ ಆಗಸ್ಟ್‌ನಲ್ಲಿ ಹಿಂದಿ ‘ಬಿಗ್ ಬಾಸ್’ ಎರಡನೇ ಸೀಸನ್. ನಡೆಸಿಕೊಡುವವರು ಶಿಲ್ಪಾ ಶೆಟ್ಟಿ. ಒಳಗೆ ಸ್ಪರ್ಧಿಯಾಗಿ ಜೇಡ್. ಇದನ್ನು ಕ್ಷಮೆಯ ಕಥೆ ಅಂತ ಹೇಳಿದವರಿದ್ದಾರೆ. ಇಬ್ಬರು ಹೆಂಗಸರ ನಡುವೆ ಕ್ಷಮೆ ಇದ್ದಿರಬಹುದು, ಅದು ಅವರ ವಿಷಯ. ಆದರೆ ಹಳೆಯ ಜಗಳವನ್ನು ಎರಡನೇ ಸಲ ಮಾರಬಹುದು ಅಂತ ಲೆಕ್ಕ ಹಾಕಿದವರಿಗೆ ಕ್ಷಮೆಯ ಚಿಂತೆ ಇತ್ತು ಅಂತ ನಾವು ನಂಬುವುದಿಲ್ಲ.

ಒಳಹೋಗಿ ಎರಡು ದಿನ ಕೂಡ ಸರಿಯಾಗಿ ಆಗಿರಲಿಲ್ಲ. ಜೇಡ್ ಅವರನ್ನು ಕೋಣೆಗೆ ಕರೆದರು. ಇಂಗ್ಲೆಂಡಿನಿಂದ ಫೋನು. ಬರುವ ಮೊದಲು ಮಾಡಿಸಿದ್ದ ಪರೀಕ್ಷೆಯ ಫಲಿತಾಂಶ: ಗರ್ಭಕಂಠದ ಕ್ಯಾನ್ಸರ್. ನಮ್ಮ ಕಡೆ ಗರ್ಭಚೀಲದ ಬಾಯಿಯ ಕ್ಯಾನ್ಸರ್ ಅನ್ನುತ್ತಾರಲ್ಲ, ಅದು. ಆಗ ವಯಸ್ಸು 27. ಪರದೇಶ, ಪರಭಾಷೆ, ಕ್ಯಾಮೆರಾ ತುಂಬಿದ ಮನೆ.

ಮುಂದಿನ ಏಳು ತಿಂಗಳು ಎಲ್ಲವೂ ಪತ್ರಿಕೆಯಲ್ಲೇ ನಡೆಯಿತು. ಕೂದಲು ಉದುರಿದ್ದು ಫೋಟೋ. ಅತ್ತದ್ದು ಫೋಟೋ. 2009ರ ಫೆಬ್ರವರಿಯಲ್ಲಿ, ಇನ್ನು ಗುಣವಾಗುವುದಿಲ್ಲ ಅಂತ ಡಾಕ್ಟರು ಹೇಳಿದ ಮೇಲೆ, 22ನೇ ತಾರೀಕು ಮದುವೆಯಾದರು. ಮದುವೆಯ ಫೋಟೋ ಹಕ್ಕನ್ನು ಅದೇ ‘ಓಕೆ!’ ಪತ್ರಿಕೆ ಸುಮಾರು ಏಳು ಲಕ್ಷ ಪೌಂಡಿಗೆ ಕೊಂಡಿತು ಅಂತ ಆಗ ವರದಿಯಾಗಿತ್ತು. ವ್ಯವಹಾರ ಕುದುರಿಸಿದ್ದು ಮ್ಯಾಕ್ಸ್ ಕ್ಲಿಫರ್ಡ್ ಎಂಬ ಪ್ರಚಾರದ ದಲ್ಲಾಳಿ. ಆತನೇ 2014ರಲ್ಲಿ ಲೈಂಗಿಕ ದೌರ್ಜನ್ಯದ ಕೇಸಿನಲ್ಲಿ ಎಂಟು ವರ್ಷ ಶಿಕ್ಷೆಯಾಗಿ ಜೈಲಿಗೆ ಹೋದ. (ಈತನಿಗೆ ನಾವು ‘ಅವರು’ ಅಂತ ಬರೆಯುವುದಿಲ್ಲ.)

‘ಸಾವನ್ನೂ ಮಾರಿಕೊಂಡಳು’ ಅಂತ ಮರ್ಯಾದಸ್ಥರು ಮೂಗು ಮುರಿದರು. ಜೇಡ್ ಮುಚ್ಚಿಡದೆ ಹೇಳಿದ್ದರು, ಈ ದುಡ್ಡು ಮಕ್ಕಳ ಓದಿಗೆ. ತಾವು ಓದಲಾಗಲಿಲ್ಲ, ಮಕ್ಕಳಾದರೂ ಓದಲಿ. ಏಳು ವರ್ಷ ಬೇರೆಯವರು ತಮ್ಮನ್ನು ಮಾರಿದ್ದನ್ನು ಕಂಡ ಹೆಂಗಸು, ಕೊನೆಗೆ ಬೆಲೆಯನ್ನು ತಾವೇ ಹೇಳಿದರು. ಇದರಲ್ಲಿ ನಾಚಿಕೆಗೇಡು ಎಲ್ಲಿದೆ? ಹಾಸಿಗೆ ಹಿಡಿದ ತಾಯಿ ಮಗಳ ಮದುವೆಗೆ ಅಂತ ಇದ್ದ ಒಂದೆಕರೆಗೆ ಗಿರಾಕಿ ಹುಡುಕಿದರೆ ನಮ್ಮೂರಲ್ಲಿ ಯಾರಾದರೂ ಆಕೆಗೆ ಉಗಿಯುತ್ತಾರಾ?

ಮಾರ್ಚ್ 22ರ ನಸುಕಿನಲ್ಲಿ ಜೇಡ್ ತೀರಿಕೊಂಡರು. ಅಂದು ಬ್ರಿಟನ್ನಿನಲ್ಲಿ ತಾಯಂದಿರ ದಿನ. ಶ್ರದ್ಧಾಂಜಲಿ ಸಂಚಿಕೆ ಅಷ್ಟರಲ್ಲಾಗಲೇ ಅಂಗಡಿಯಲ್ಲಿ ಹಳತಾಗುತ್ತಿತ್ತು. ಹೂತು ಕೆಲವೇ ದಿನಕ್ಕೆ ಹೆಸರಾಂತ ಟಿವಿ ಸಂದರ್ಶಕ ಮೈಕೆಲ್ ಪಾರ್ಕಿನ್ಸನ್, ಇಂದಿನ ಬ್ರಿಟನ್ನಿನ ಕೀಳುತನಕ್ಕೆಲ್ಲ ಈಕೆ ಗುರುತು ಎಂಬರ್ಥದಲ್ಲಿ ಬರೆದರು. ಸಾಯುವ ದಿನದವರೆಗೂ ಮಾಧ್ಯಮ ಆಕೆಯನ್ನು ಬಳಸಿಕೊಂಡಿತು ಅಂತ ಅದೇ ಬರಹದಲ್ಲಿ ಅವರೇ ಒಪ್ಪಿದ್ದಾರೆ. ಹಾಗಿದ್ದ ಮೇಲೆ ಕೀಳುತನದ ಗುರುತು ಬಳಕೆಯಾದವರೋ, ಬಳಸಿದವರೋ?

ದೂರದ ದೇಶದ ಕಥೆ ನಮಗ್ಯಾಕೆ ಅನ್ನುತ್ತೀರಾ? ಹಳ್ಳಿ ಹುಡುಗರನ್ನು ಪೇಟೆಗೆ ತಂದು ತೋರಿಸುವ ಶೋ ಕನ್ನಡದಲ್ಲೂ ಬಂದಿತ್ತು, ‘ಹಳ್ಳಿ ಹೈದ ಪ್ಯಾಟೆಗ್ ಬಂದ’. ಎಚ್.ಡಿ. ಕೋಟೆ ಕಡೆಯ ಕಾಡಿನ ಹಾಡಿಯ ಹುಡುಗ ರಾಜೇಶ್ ಅದನ್ನು ಗೆದ್ದರು. ‘ಜಂಗಲ್ ಜಾಕಿ’ ಎಂಬ ಸಿನಿಮಾದಲ್ಲಿ ಹೀರೋ ಆದರು. 2013ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಕಟ್ಟಡದಿಂದ ಬಿದ್ದು ಸತ್ತರು. ಸಾವಿಗೆ ಶೋ ಕಾರಣ ಅಂತ ನಾವು ಹೇಳುತ್ತಿಲ್ಲ. ಕಾಡಿನಿಂದ ಕರೆತರುವಾಗ ಇದ್ದಷ್ಟು ಕ್ಯಾಮೆರಾ, ಶೋ ಮುಗಿದ ಮೇಲೆ ಹುಡುಗ ಹೇಗಿದ್ದಾನೆ ಅಂತ ಕೇಳಲು ಯಾಕೆ ಹೋಗುವುದಿಲ್ಲ ಅಂತ ಕೇಳುತ್ತಿದ್ದೇವೆ.

ಇನ್ನೊಂದು ನಮ್ಮದೇ ಅನುಭವ. ಓದುವಾಗ ನಮ್ಮಲ್ಲಿ ಇಬ್ಬರು ಒಂದು ಕಡೆ ಇಂಟರ್ನ್‌ಶಿಪ್‌ಗೆ ಹೋಗಿದ್ದೆವು. ‘ನೀವು ಹಳ್ಳಿಯವರಲ್ವಾ, ನಿಮ್ಮೂರಲ್ಲಿ ತಮಾಷೆಯಾಗಿ ಮಾತಾಡೋರು ಇದ್ರೆ ವಿಡಿಯೋ ಮಾಡ್ಕೊಂಡು ಬನ್ನಿ, ಇಂಗ್ಲಿಷ್ ತಪ್ಪು ಮಾತಾಡಿದ್ರೆ ಇನ್ನೂ ಒಳ್ಳೇದು’ ಅಂದರು. ಕೇಳಿದವರು ಕೆಟ್ಟವರೇನಲ್ಲ, ನಗುನಗುತ್ತಲೇ ಹೇಳಿದರು, ಟೀ ಕೂಡ ಕೊಡಿಸಿದರು. ನಾವು ಮಾಡಿಕೊಂಡು ಹೋದೆವೋ ಇಲ್ಲವೋ? ಹೋದೆವು. ಒಬ್ಬ ಅಜ್ಜಿಯ ವಿಡಿಯೋ. ಅದರ ಕೆಳಗೆ ಬಂದ ಕಾಮೆಂಟುಗಳನ್ನು ಅಜ್ಜಿಗೆ ಇವತ್ತಿಗೂ ಓದಿ ಹೇಳಿಲ್ಲ. ಸಿಕ್ಕಾಗಲೆಲ್ಲ ‘ನನ್ನ ಟಿವಿಗೆ ಹಾಕಿದ್ರಲ್ಲಪ್ಪ’ ಅಂತ ಖುಷಿಯಿಂದ ಹೇಳುತ್ತಾರೆ. ಜೇಡ್ ಕೂಡ ಮನೆಯೊಳಗೆ ಹೀಗೇ ಇದ್ದಿರಬೇಕು, ಹೊರಗೆ ತಮ್ಮನ್ನು ಏನಂತ ಕರೆಯುತ್ತಿದ್ದಾರೆ ಅಂತ ಗೊತ್ತಿಲ್ಲದೆ.

ಈಗ ಆ ಕೆಲಸಕ್ಕೆ ಚಾನೆಲ್ ಕೂಡ ಬೇಕಿಲ್ಲ. ಪ್ರತಿ ತಾಲೂಕಿಗೂ ಒಂದು ಟ್ರೋಲ್ ಪೇಜ್ ಇದೆ. ನಡೆಸುವವನು ಪಕ್ಕದ ಬೀದಿಯವನು, ಫಾರ್ವರ್ಡ್ ಮಾಡುವವರು ನಾವು.

ಜೇಡ್ ಸಾವಿನಿಂದ ಒಂದು ಒಳ್ಳೆಯದು ಆಗಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅವರ ಕಾಯಿಲೆ ಗೊತ್ತಾದ ಮೇಲೆ, 2008ರ ಮಧ್ಯದಿಂದ 2009ರ ಮಧ್ಯದವರೆಗೆ, ಇಂಗ್ಲೆಂಡಿನಲ್ಲಿ ಈ ಕ್ಯಾನ್ಸರ್ ತಪಾಸಣೆಗೆ ಎಂದಿನ ಲೆಕ್ಕಕ್ಕಿಂತ ನಾಲ್ಕು ಲಕ್ಷಕ್ಕೂ ಹೆಚ್ಚು ಬಾರಿ ಹೆಂಗಸರು ಬಂದರು. ‘ಇದು ನನಗೂ ಬರಬಹುದು’ ಅಂತ ಅವರಿಗೆ ಅನಿಸಿದ್ದು ಸರ್ಕಾರದ ಪೋಸ್ಟರ್ ನೋಡಿ ಅಲ್ಲ, ತಮ್ಮಂತೆಯೇ ಮಾತಾಡುವ ಒಬ್ಬ ಹೆಂಗಸನ್ನು ನೋಡಿ. ಪತ್ರಿಕೆಗಳು ಈ ಪುಣ್ಯವನ್ನೂ ತಮ್ಮ ಖಾತೆಗೆ ಬರೆದುಕೊಳ್ಳಲು ನೋಡಿದವು. ನಾವು ಬರೆಯಲು ಬಿಡುವುದಿಲ್ಲ. ಕಾಯಿಲೆಯ ಬಗ್ಗೆ ಬಾಯಿ ಬಿಟ್ಟು ಮಾತಾಡಿದವರು ಜೇಡ್.

ಭಾರತದ ಹೆಂಗಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದು ಎರಡನೇ ಸ್ಥಾನದಲ್ಲಿದೆ. ಬಹುಪಾಲು ಎಚ್‌ಪಿವಿ ಎಂಬ ವೈರಸ್‌ನಿಂದ ಬರುತ್ತದೆ, ಕ್ಯಾನ್ಸರ್ ಆಗಿ ಬಲಿಯಲು ವರ್ಷಗಳೇ ಹಿಡಿಯುತ್ತವೆ, ಬೇಗ ಕಂಡರೆ ಗುಣವಾಗುತ್ತದೆ. 30 ದಾಟಿದ ಹೆಂಗಸರಿಗೆ ಬಾಯಿ, ಸ್ತನ, ಗರ್ಭಕಂಠ ಮೂರರ ತಪಾಸಣೆ ಸರ್ಕಾರದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಇದೆ. ವಿನೆಗರ್‌ನಂಥ ದ್ರಾವಣ ಹಚ್ಚಿ ನೋಡುವ ಪರೀಕ್ಷೆ, ಕೆಲವೇ ನಿಮಿಷದ ಕೆಲಸ. ಕಾಗದದಲ್ಲಿ ಇರುವುದು ಕೋಣೆಯಲ್ಲಿ ನಡೆಯುತ್ತಿದೆಯಾ ಅನ್ನುವುದು ಬೇರೆ ಮಾತು.

ಅದನ್ನೇ ಈ ತಿಂಗಳು ಹುಡುಕುತ್ತಿದ್ದೇವೆ. ನಿಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಪರೀಕ್ಷೆ ಮಾಡುತ್ತಾರಾ, ಯಾವ ವಾರ, ಮಾಡುವವರು ಹೆಣ್ಣೋ ಗಂಡೋ, ಪರದೆ ಇದೆಯೋ ಇಲ್ಲವೋ, ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಈ ವಿಷಯ ಹೇಳಿದ್ದಾರೋ? ಅಕ್ಕಂದಿರೇ, ಅಮ್ಮಂದಿರೇ, ಬರೆಯಲು ಆಗದಿದ್ದರೆ ಆಡಿಯೋ ಕಳಿಸಿ. ನಿಮ್ಮ ಹೆಸರು ಹಾಕುವುದಿಲ್ಲ, ಫೋಟೋ ಕೇಳುವುದಿಲ್ಲ.