ಸಾಹಸ ಮತ್ತು ಸಂಯಮ

ಕಾಲ್ನಡೆಯಲ್ಲಿ ಕಾಡುಮೇಡುಗಳನ್ನು ದಾಟಬೇಕು, ದೋಣಿಯಲ್ಲಿ ಕಾಣದ ನದಿಗಳನ್ನು ಕಾಣಬೇಕು ಎಂಬ ಹಂಬಲ ತಾರುಣ್ಯಕ್ಕೆ ಸಹಜವಾದುದು. ಅದಿಲ್ಲದ ನಾಡು ಜಡವಾಗುತ್ತದೆ. ಆದರೆ ಎಲ್ಲಿ ನಡೆಯಬೇಕು, ಎಲ್ಲಿ ನಿಲ್ಲಬೇಕು ಎಂಬ ವಿವೇಕ ಜೊತೆಗೂಡದಿದ್ದರೆ ಸಾಹಸವು ಉಪದ್ರವವಾಗುತ್ತದೆ.

ಉತ್ತರ ಧ್ರುವಪ್ರದೇಶದಲ್ಲಿ ಇಂತಹ ಸಾಹಸಕ್ಕೆ ವಿಶಾಲವಾದ ಅವಕಾಶವುಂಟು. ಅಲಾಸ್ಕದಲ್ಲಿ 1980ರಲ್ಲಿ ಸ್ಥಾಪಿತವಾದ ‘ಗೇಟ್ಸ್ ಆಫ್ ದಿ ಆರ್ಕ್ಟಿಕ್’ ರಾಷ್ಟ್ರೀಯ ಉದ್ಯಾನದೊಳಗೆ ರಸ್ತೆಗಳಿಲ್ಲ. ಪ್ರವಾಸಿಗರಿಗಾಗಿ ಮಾಡಿದ ಕಾಲುದಾರಿಗಳೂ ಇಲ್ಲ. ಗಾಳಿ ತುಂಬುವ ಹಗುರವಾದ ದೋಣಿಯನ್ನು ಮಡಿಸಿ ಬೆನ್ನಿಗೇರಿಸಿಕೊಂಡು ಚಾರಣಿಗರು ಬೆಟ್ಟಗಳನ್ನು ದಾಟುತ್ತಾರೆ; ನದಿ ಎದುರಾದಾಗ ಅದನ್ನು ನೀರಿಗಿಳಿಸಿ ಹುಟ್ಟು ಹಾಕುತ್ತಾರೆ. 1840ರ ದಶಕದಲ್ಲಿಯೇ ಪೀಟರ್ ಹಾಲ್ಕೆಟ್ ಎಂಬ ಬ್ರಿಟಿಷ್ ನೌಕಾಧಿಕಾರಿಯು ಮೇಲಂಗಿಯಂತೆ ತೊಡಬಹುದಾದ ಇಂತಹ ದೋಣಿಯೊಂದನ್ನು ರಚಿಸಿದ್ದನು. ದೋಣಿಯನ್ನು ಹೊತ್ತು ನಡೆಯುವುದು ಕನ್ನಡನಾಡಿಗೂ ಹೊಸದಲ್ಲ. ಬಿದಿರಿನ ಹೆಣಿಗೆಗೆ ತೊಗಲು ಹೊದಿಸಿದ ಹರಿಗೋಲನ್ನು ಅಂಬಿಗನು ಒಬ್ಬನೇ ತಲೆಯ ಮೇಲೆ ಹೊತ್ತೊಯ್ಯುತ್ತಿದ್ದನು.

ಹಾಗಾದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆಯ ತರುಣನೊಬ್ಬನು ನಾಗರಹೊಳೆಯ ಅರಣ್ಯದಲ್ಲಿ ನಡೆದು, ಕಬಿನಿಯ ಹಿನ್ನೀರಿನಲ್ಲಿ ಹರಿಗೋಲು ಹಾಕಿದರೆ ತಪ್ಪೇನು? ಪ್ರಶ್ನೆ ನ್ಯಾಯವಾದುದೇ. ಅನುಮತಿಯಿಲ್ಲದೆ ರಾಷ್ಟ್ರೀಯ ಉದ್ಯಾನವನ್ನು ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸುತ್ತದೆ. ಆದರೆ ಕಾಯಿದೆಗೆ ಹೆದರುವುದಕ್ಕಿಂತ ಅದರ ಹಿಂದಿರುವ ಕಾರಣವನ್ನು ಅರಿಯುವುದು ಮೇಲು. ಅಲಾಸ್ಕದ ಆ ಉದ್ಯಾನದ ವಿಸ್ತಾರ ಸುಮಾರು 34,000 ಚದರ ಕಿಲೋಮೀಟರು. ನಾಗರಹೊಳೆಯದು ಕೇವಲ 643. ಅಲ್ಲಿ ಮನುಷ್ಯನನ್ನು ಕಂಡ ಮೃಗಕ್ಕೆ ಸರಿದು ಹೋಗಲು ಬೇಕಾದಷ್ಟು ನೆಲವುಂಟು. ಇಲ್ಲಿ ಕಾಡು ಮುಗಿದೊಡನೆ ಹೊಲ, ಹೊಲ ಮುಗಿದೊಡನೆ ಊರು. 1974ರಲ್ಲಿ ಕಬಿನಿ ಅಣೆಕಟ್ಟು ಪೂರ್ಣಗೊಂಡಾಗ ಕಾಡಿನ ಒಂದು ಭಾಗವೂ ನೀರಿನಡಿ ಸೇರಿತು. ಬೇಸಗೆಯಲ್ಲಿ ಹಿನ್ನೀರು ಇಳಿದು ದಡದಲ್ಲಿ ಹಸುರು ಹುಲ್ಲು ಚಿಗುರಿದಾಗ ನೂರಾರು ಆನೆಗಳು ಮರಿಗಳೊಡನೆ ಅಲ್ಲಿಗೆ ಬರುತ್ತವೆ. ಕಾಡಿನ ಕೆರೆಕುಂಟೆಗಳು ಬತ್ತಿರುವಾಗ ಅವಕ್ಕೆ ಅದೇ ಆಸರೆ. ಅಲ್ಲಿ ತೇಲುವ ಹರಿಗೋಲು ಮನುಷ್ಯನಿಗೆ ಒಂದು ದಿನದ ವಿನೋದ. ಬಾಯಾರಿ ಬಂದ ಹಿಂಡಿಗೆ ಅದು ಬೆದರಿಕೆ.

ಇಂತಹ ಸ್ಥಳಗಳನ್ನು ನಿರ್ಜನವೆಂದು ಕರೆಯುವುದೂ ಸರಿಯಲ್ಲ. ಅಲಾಸ್ಕದ ಉದ್ಯಾನದ ಎಲ್ಲೆಯೊಳಗೆ ನುನಮ್ಯೂಟ್ ಜನರ ಊರಿದೆ. ನಾಗರಹೊಳೆಯಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ತಲೆತಲಾಂತರದಿಂದ ಬಾಳಿದವರು. ಅವರಲ್ಲಿ ಅನೇಕ ಕುಟುಂಬಗಳು ಕಾಡನ್ನು ತೊರೆದು ಹೊರಬರಬೇಕಾಯಿತು. ಅಲ್ಲಿಯೇ ಹುಟ್ಟಿ ಬೆಳೆದವರು ಬಿಟ್ಟುಕೊಟ್ಟ ನೆಲದಲ್ಲಿ, ವಿನೋದಕ್ಕಾಗಿ ಬಂದವನು ಸ್ವಚ್ಛಂದವಾಗಿ ತಿರುಗುವ ಹಕ್ಕನ್ನು ಕೇಳುವುದು ಹೇಗೆ ಉಚಿತವಾದೀತು?

ಸಾಹಸಪ್ರಿಯರಿಗೆ ನಾಡಿನಲ್ಲಿ ಬೇರೆ ಬೆಟ್ಟಗಳುಂಟು, ಬೇರೆ ಹೊಳೆಗಳುಂಟು. ಅಲ್ಲಿ ಅವರು ಏರಲಿ, ಈಜಲಿ, ಹುಟ್ಟು ಹಾಕಲಿ. ಅಂತರಸಂತೆಯ ಕಾಡಿನ ಅಂಚಿಗೆ ಬಂದಾಗ ಮಾತ್ರ ನಿಲ್ಲಲಿ. ಮುಂದೆ ಹೋಗುವ ಶಕ್ತಿಯಿದ್ದೂ, ಮತ್ತೊಂದು ಜೀವದ ನೀರಿಗಾಗಿ ಹಿಂದಿರುಗಬಲ್ಲವನೇ ಧೀರನು.