ಪತ್ತೇದಾರನಿಗೂ ಮನೆಯುಂಟು

ಮೈಸೂರಿನ ಗೋಕುಲಂ ಬಡಾವಣೆಯ ಮಿತ್ರರ ಮನೆಯಲ್ಲಿ ‘ಶಿವಾಜಿ ಸುರತ್ಕಲ್’ ಪತ್ತೇದಾರಿ ಚಿತ್ರಮಾಲೆಯ ವಿಷಯವಾಗಿ ತಾಯಿಮಕ್ಕಳ ವಾಗ್ವಾದವನ್ನು ಕೇಳಿದೆವು. ರಮೇಶ್ ಅರವಿಂದರು ನಾಯಕರಾದ ಇದರ ಮೊದಲ ಭಾಗವು 2020ರಲ್ಲಿಯೂ ಎರಡನೆಯದು 2023ರಲ್ಲಿಯೂ ತೆರೆಕಂಡವು. ಎರಡನೆಯದರಲ್ಲಿ ಕೊಲೆಗಳ ತನಿಖೆಯೊಡನೆ ನಾಯಕನ ತಂದೆ, ಮಗಳು ಇವರ ಕಥೆಯೂ ಹೆಣೆದುಕೊಂಡಿದೆ.

“ಮನೆಯ ಕಣ್ಣೀರಿನಲ್ಲಿ ರಹಸ್ಯವು ಕರಗಿತು” ಎಂದು ಮಗನ ಆಕ್ಷೇಪ. ಪೋಲೀಸು ನೌಕರಿಯ ಪತಿಗಾಗಿ ಎಷ್ಟೋ ರಾತ್ರಿ ಬಾಗಿಲು ಕಾದಿದ್ದ ತಾಯಿಯೆಂದರು: “ಮನೆಯಲ್ಲಿ ಕಾಯುವವರದೂ ಕಥೆಯಲ್ಲವೆ?”

ಇಂತಹ ವಿವಾದವು ಹೊಸದಲ್ಲ. 1893ರಲ್ಲಿ ಕಾನನ್ ಡಾಯ್ಲರು ಷರ್ಲಾಕ್ ಹೋಮ್ಸನನ್ನು ಕೊಲ್ಲಿಸಿದಾಗ ವಾಚಕರು ಮುನಿದರು. 1903ರಲ್ಲಿ ಬದುಕಿಸಿ ತಂದಾಗ, ಇವನು ಹಿಂದಿನವನಲ್ಲವೆಂದು ಕೆಲವರು ಗೊಣಗಿದರು. ಪಾತ್ರವನ್ನು ಬದಲಿಸದಿದ್ದರೆ ಹಳಸಿತೆನ್ನುವರು, ಬದಲಿಸಿದರೆ ಕೆಟ್ಟಿತೆನ್ನುವರು.

ಸುಳುಹುಗಳ ಸಡಿಲನ್ನು ಮರುಕದಿಂದ ಮುಚ್ಚಲಾಗದೆಂಬ ಮಗನ ಮಾತು ದಿಟವೇ. ಆದರೂ ನಾವು ತಾಯಿಯ ಪಕ್ಷದವರು. ಕೊಲೆಗಾರನಾರೆಂಬ ಕುತೂಹಲವು ಒಮ್ಮೆ ತಿಳಿದರೆ ತೀರಿತು. ಪತ್ತೇದಾರನು ಕ್ಷೇಮವಾಗಿ ಮನೆ ಸೇರಿದನೆ ಎಂಬ ಕಾತರವು ಮುಂದಿನ ಭಾಗದವರೆಗೂ ಉಳಿಯುತ್ತದೆ.